ಮೊದಲ ಆಲ್ಬಮ್: ಹಿಟ್ ಆಗೋಕೆ ಎರಡು ವರ್ಷ

ಚಿತ್ರದುರ್ಗದಿಂದ ಮಾತಾಡ್ತಿದ್ದೀನಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಫೋನಲ್ಲೇ ಹಾಡು ಮಾಡ್ತಿರೋರಿಗೆ ಈ ಎಪಿಸೋಡ್.

ಮೈಸೂರಲ್ಲಿ ಬೆಳೆದ ರಘು ದೀಕ್ಷಿತ್ ಅವರ ಹಾಡುಗಳನ್ನ ಮ್ಯೂಸಿಕ್ ಕಂಪನಿಗಳು ವರ್ಷಗಟ್ಟಲೆ ಬೇಡ ಅಂದವು. ಕೊನೆಗೆ 2008ರಲ್ಲಿ ವಿಶಾಲ್-ಶೇಖರ್ ಜೋಡಿ ತಮ್ಮದೇ ಲೇಬಲ್‌ನಿಂದ ಅವರ ಮೊದಲ ಆಲ್ಬಮ್ ತಂದ್ರು. ಅದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆಗೆ ಶಿಶುನಾಳ ಶರೀಫರ ತತ್ವಪದಗಳೂ ಇದ್ವು, ಗಿಟಾರ್ ಜೊತೆ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಶೋನಲ್ಲಿ ಹಾಡಿದ್ರು ನೋಡಿ, ಅದೇ ಆಲ್ಬಮ್ ಬ್ರಿಟನ್‌ನ ಐಟ್ಯೂನ್ಸ್ ವರ್ಲ್ಡ್ ಮ್ಯೂಸಿಕ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯ್ತು.

ಬಿ.ಕಾಂ. ಭಾಷೇಲಿ ಹೇಳೋದಾದ್ರೆ, ಹಾಡು ಒಂದಿನದ ವ್ಯಾಪಾರ ಅಲ್ಲ, ಆಸ್ತಿ. ಕೇಳುಗರು ಸಿಕ್ಕಾಗ ಫಲ ಕೊಡುತ್ತೆ. ಅಲ್ಲೀವರೆಗೂ ಹಾಡ್ತಾ ಇರಬೇಕು. ಮೊದಲ ವಾರ ನಲವತ್ತೇ ವ್ಯೂಸ್ ಬಂತಾ? ಡಿಲೀಟ್ ಮಾತ್ರ ಮಾಡ್ಬೇಡಿ.