ಹತ್ತು ಟನ್ನಿನ ಲಾರಿ, ಮರಳಿನ ದಾರಿ

ಲಾರಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಶಿರಾಡಿ ಘಾಟಿಯ ತಿರುವಿನಲ್ಲಿ ಏದುಸಿರು ಬಿಡುತ್ತ ಮೊದಲ ಗೇರಿನಲ್ಲಿ ಹತ್ತುವ, ಹಿಂದೆ ಬರುವ ಬಸ್ಸು ಕಾರುಗಳ ತಾಳ್ಮೆ ಪರೀಕ್ಷಿಸುವ ಭಾರದ ವಾಹನ. ಇಂಥದೇ ಒಂದು ಲಾರಿ ಮರಳು ದಿಬ್ಬದ ನೆತ್ತಿಯಿಂದ ನಾಲ್ಕೂ ಚಕ್ರ ನೆಲ ಬಿಟ್ಟು ಹಾರುತ್ತದೆ, ಧೂಳೆಬ್ಬಿಸುತ್ತ ಕಾರನ್ನೇ ಹಿಂದೆ ಹಾಕುತ್ತದೆ ಎಂದರೆ ನಂಬುವುದು ಕಷ್ಟ. ಆದರೆ ಪ್ರತಿ ಜನವರಿಯಲ್ಲಿ ನಡೆಯುವ ಡಕಾರ್ ರ‍್ಯಾಲಿಯಲ್ಲಿ ಇದು ದಿನನಿತ್ಯದ ದೃಶ್ಯ.

ಈ ರ‍್ಯಾಲಿಯ ಹುಟ್ಟಿಗೆ ಕಾರಣ ದಾರಿ ತಪ್ಪಿದ ಒಬ್ಬ ಸಾಹಸಿ. ಫ್ರಾನ್ಸಿನ ಥಿಯೆರಿ ಸಬೀನ್ 1977ರಲ್ಲಿ ಮೋಟಾರ್ ಸೈಕಲ್ ರ‍್ಯಾಲಿಯೊಂದರಲ್ಲಿ ಓಡುತ್ತ ಲಿಬಿಯಾದ ಮರುಭೂಮಿಯಲ್ಲಿ ಕಳೆದುಹೋಗಿದ್ದ. ಬದುಕಿ ಬಂದವನಿಗೆ ಮರುಭೂಮಿಯ ಮೇಲೆ ಹೆದರಿಕೆಗಿಂತ ಮೋಹವೇ ಹೆಚ್ಚಾಯಿತು. 1978ರ ಡಿಸೆಂಬರ್ 26ರಂದು ಪ್ಯಾರಿಸ್ಸಿನಿಂದ ಸೆನೆಗಲ್ಲಿನ ರಾಜಧಾನಿ ಡಕಾರ್‌ಗೆ ಮೊದಲ ರ‍್ಯಾಲಿ ಹೊರಟಿತು. 1980ರಲ್ಲಿ ಲಾರಿಗಳಿಗೆ ಪ್ರತ್ಯೇಕ ವಿಭಾಗ ಬಂತು. ಆ ವರ್ಷ ಗೆದ್ದದ್ದು ಯುರೋಪಿನ ಯಾವ ಹೆಸರಾಂತ ಕಂಪೆನಿಯೂ ಅಲ್ಲ, ಆಲ್ಜೀರಿಯಾದ ಸೋನಾಕೋಮ್ ಲಾರಿ! ಉಗ್ರರ ಬೆದರಿಕೆಯಿಂದ 2008ರ ರ‍್ಯಾಲಿ ರದ್ದಾಯಿತು. 2009ರಿಂದ 2019ರವರೆಗೆ ದಕ್ಷಿಣ ಅಮೆರಿಕದಲ್ಲಿ ನಡೆದು, 2020ರಿಂದ ಸೌದಿ ಅರೇಬಿಯಾಕ್ಕೆ ಬಂದಿತು. ಊರು ಬದಲಾದರೂ ಹೆಸರು ಮಾತ್ರ ಡಕಾರ್ ಎಂದೇ ಉಳಿಯಿತು.

ದಿನಕ್ಕೊಂದು ಹಂತ

ಇದು ಎಲ್ಲರೂ ಒಂದೇ ಗೆರೆಯಿಂದ ಒಟ್ಟಿಗೆ ಓಡುವ ಪಂದ್ಯವಲ್ಲ. ಸುಮಾರು ಎರಡು ವಾರಗಳ ಓಟವನ್ನು ದಿನಕ್ಕೊಂದರಂತೆ ಹಂತಗಳಾಗಿ ಹಂಚಲಾಗುತ್ತದೆ. ವಾಹನಗಳು ಅಂತರ ಬಿಟ್ಟು ಒಂದೊಂದಾಗಿ ಹೊರಡುತ್ತವೆ. ಪ್ರತಿ ಹಂತದಲ್ಲಿ ತೆಗೆದುಕೊಂಡ ಸಮಯವನ್ನು ಕೂಡಿಸಿ, ಕೊನೆಯಲ್ಲಿ ಒಟ್ಟು ಸಮಯ ಯಾರದು ಕಡಿಮೆಯೋ ಅವರು ಗೆದ್ದಂತೆ. ದಾರಿಯಲ್ಲಿ ಗೊತ್ತುಪಡಿಸಿದ ಸ್ಥಳವೊಂದನ್ನು ಮುಟ್ಟದೆ ಬಂದರೆ ದಂಡದ ಸಮಯ ಸೇರುತ್ತದೆ. ಒಂದು ದಿನ ಮಿಂಚಿ ಮರುದಿನ ಕೆಟ್ಟು ನಿಂತರೆ ಪ್ರಯೋಜನವಿಲ್ಲ. ವರ್ಷವಿಡೀ ಓದಿದ ವಿದ್ಯಾರ್ಥಿಗೂ ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಓದಿದವನಿಗೂ ಇರುವ ವ್ಯತ್ಯಾಸ ಇಲ್ಲಿ ಚೆನ್ನಾಗಿ ಕಾಣುತ್ತದೆ.

ದಾರಿ ತೋರಿಸಲು ಫಲಕಗಳಿರುವುದಿಲ್ಲ. ಎಷ್ಟನೇ ಕಿಲೋಮೀಟರಿನಲ್ಲಿ ಯಾವ ದಿಕ್ಕಿಗೆ ತಿರುಗಬೇಕು, ಎಲ್ಲಿ ಹಳ್ಳವಿದೆ, ಎಲ್ಲಿ ಅಪಾಯವಿದೆ ಎಂಬುದನ್ನು ಚಿಹ್ನೆಗಳಲ್ಲಿ ಬರೆದ ಮಾರ್ಗಪುಸ್ತಕವೇ ಆಧಾರ. ಹಿಂದೆ ಕಾಗದದ ಸುರುಳಿಯಾಗಿದ್ದ ಇದು ಈಚಿನ ವರ್ಷಗಳಲ್ಲಿ ಟ್ಯಾಬ್ಲೆಟ್ಟಿನ ಪರದೆಗೆ ಬಂದಿದೆ. ಉಪಗ್ರಹ ನೋಡಿ ದಾರಿ ಹೇಳುವ ಉಪಕರಣವನ್ನು ನಮ್ಮ ಮೊಬೈಲಿನಂತೆ ಬಳಸಲು ಅವಕಾಶವಿಲ್ಲ. ಗುರಿಯ ಹತ್ತಿರಕ್ಕೆ ಬಂದಾಗ ಮಾತ್ರ ಅದು ಬಾಣ ತೋರಿಸುತ್ತದೆ.

ಲಾರಿಯನ್ನು ಸಜ್ಜುಗೊಳಿಸುವ ಬಗೆ

ಹೊರಗಿನಿಂದ ನೋಡಿದರೆ ಸಾಮಾನು ಸಾಗಿಸುವ ಲಾರಿಯಂತೆಯೇ ಕಾಣುವ ಇದರ ಒಳಗೆ ಎಲ್ಲವೂ ಬೇರೆ. ತೂಕ ಒಂಬತ್ತು ಹತ್ತು ಟನ್ನಿನ ಆಸುಪಾಸು. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಎಂಜಿನ್ನಿನ ಶಕ್ತಿ ಹೋಗುತ್ತದೆ. ಇದೇ ಫೋರ್ ವೀಲ್ ಡ್ರೈವ್. ಹಿಂದಿನ ಚಕ್ರ ಮರಳಿನಲ್ಲಿ ಹೂತರೆ ಮುಂದಿನ ಚಕ್ರ ಎಳೆಯುತ್ತದೆ. ಎಂಜಿನ್ನಿನ ಬಲ ಸಾವಿರ ಅಶ್ವಶಕ್ತಿಗೆ ಹತ್ತಿರ. ಹೊಟ್ಟೆಯೂ ಅಷ್ಟೇ ದೊಡ್ಡದು. ನೂರು ಕಿಲೋಮೀಟರಿಗೆ ನೂರು ಲೀಟರಿನಷ್ಟು ಡೀಸೆಲ್ ಕುಡಿಯುವ ಈ ಲಾರಿಗಳಿಗೆ ದೊಡ್ಡ ಟ್ಯಾಂಕು ಬೇಕೇ ಬೇಕು. ಹಾರಿ ಬಿದ್ದಾಗಿನ ಪೆಟ್ಟು ತಡೆಯಲು ಚಕ್ರವೊಂದಕ್ಕೆ ಎರಡೆರಡು ಶಾಕ್ ಅಬ್ಸಾರ್ಬರ್ ಜೋಡಿಸುತ್ತಾರೆ. ಕ್ಯಾಬಿನ್ನಿನ ಒಳಗೆ ಉಕ್ಕಿನ ಕೊಳವೆಗಳ ಪಂಜರ. ಲಾರಿ ಮಗುಚಿದರೂ ಒಳಗಿದ್ದವರ ಮೇಲೆ ಚಾವಣಿ ಕುಸಿಯಬಾರದು ಎಂಬುದು ಉದ್ದೇಶ.

ಎಲ್ಲಕ್ಕಿಂತ ಜಾಣ ಏರ್ಪಾಡು ಟೈರಿನ ಗಾಳಿಯದು. ಗಟ್ಟಿ ನೆಲದಲ್ಲಿ ಗಾಳಿ ತುಂಬಿದ ಟೈರು ಚೆನ್ನಾಗಿ ಓಡುತ್ತದೆ. ಮೆತ್ತನೆಯ ಮರಳಿನಲ್ಲಿ ಅದೇ ಟೈರು ಚಾಕುವಿನಂತೆ ಒಳಗಿಳಿಯುತ್ತದೆ. ಗಾಳಿ ಇಳಿಸಿದರೆ ಟೈರು ಅಗಲವಾಗಿ, ಉದ್ದವಾಗಿ ನೆಲಕ್ಕೆ ಹರಡಿಕೊಳ್ಳುತ್ತದೆ. ಅದೇ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗಿ ಒತ್ತಡ ಕಡಿಮೆಯಾಗುತ್ತದೆ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಶಾಲೆಯಲ್ಲಿ ಕಲಿತದ್ದು ಇದೇ. ಒಂಟೆಯ ಅಗಲವಾದ ಪಾದದ ಗುಟ್ಟೂ ಇದೇ. ಲಾರಿಯ ಒಳಗೆ ಕುಳಿತೇ, ಓಡುತ್ತಿರುವಾಗಲೇ, ಗಾಳಿಯನ್ನು ಇಳಿಸಿ ಏರಿಸುವ ವ್ಯವಸ್ಥೆ ಇದೆ.

ಮೂರನೆಯ ಆಸನ

ಕಾರಿನಲ್ಲಿ ಇಬ್ಬರಾದರೆ ಲಾರಿಯಲ್ಲಿ ಮೂವರು. ಚಾಲಕ ಓಡಿಸುತ್ತಾನೆ, ನ್ಯಾವಿಗೇಟರ್ ಮಾರ್ಗಪುಸ್ತಕ ಓದಿ ದಾರಿ ಹೇಳುತ್ತಾನೆ, ಮೂರನೆಯವನು ಮೆಕ್ಯಾನಿಕ್. ನಮ್ಮ ಲಾರಿಗಳ ಕ್ಲೀನರ್ ಹುಡುಗನಂತೆ ಇವನ ಹೆಸರೂ ಪತ್ರಿಕೆಗಳ ತಲೆಬರಹದಲ್ಲಿ ಬರುವುದು ಅಪರೂಪ. ಎಂಜಿನ್ನಿನ ಬಿಸಿ, ಎಣ್ಣೆಯ ಒತ್ತಡ, ಟೈರಿನ ಗಾಳಿ ಎಲ್ಲದರ ಮೇಲೂ ಅವನ ಕಣ್ಣು. ನಡುದಾರಿಯಲ್ಲಿ ಕೆಟ್ಟರೆ ರಿಪೇರಿಗೆ ಮುಂದಾಗುವವನೂ ಅವನೇ. ಕೆಲವು ಹಂತಗಳ ನಡುವಣ ರಾತ್ರಿ ಹೊರಗಿನ ನೆರವು ಪಡೆಯುವಂತಿಲ್ಲ. ಆಗ ಈ ಮೂವರ ಕೈ, ಲಾರಿಯಲ್ಲಿರುವ ಸಾಮಗ್ರಿ, ಇಷ್ಟೇ ಗತಿ. ಉಳಿದ ರಾತ್ರಿಗಳಲ್ಲಿ ತಂಡದ ಮೆಕ್ಯಾನಿಕ್‌ಗಳು ಶಿಬಿರದಲ್ಲಿ ಬೆಳಗಿನವರೆಗೂ ಲಾರಿ ಬಿಚ್ಚಿ ಕಟ್ಟುತ್ತಾರೆ.

1988ರ ಪಾಠ

ಎಂಬತ್ತರ ದಶಕದಲ್ಲಿ ಲಾರಿಗಳ ಶಕ್ತಿಯ ಪೈಪೋಟಿ ಮಿತಿ ಮೀರಿತ್ತು. ನೆದರ್‌ಲ್ಯಾಂಡ್ಸಿನ ಸಾರಿಗೆ ಉದ್ಯಮಿ ಯಾನ್ ಡೆ ರೋಯ್ ಡಾಫ್ ಕಂಪೆನಿಯ ಲಾರಿಗೆ ಒಂದಲ್ಲ, ಎರಡು ಎಂಜಿನ್ ಕೂರಿಸಿ ಓಡಿಸುತ್ತಿದ್ದ. ಒಂದು ಮುಂದಿನ ಅಚ್ಚಿಗೆ, ಇನ್ನೊಂದು ಹಿಂದಿನ ಅಚ್ಚಿಗೆ! 1987ರಲ್ಲಿ ಅವನು ಗೆದ್ದ. 1988ರಲ್ಲಿ ಸಾವಿರ ಅಶ್ವಶಕ್ತಿಗೂ ಮೀರಿದ ಅವನ ಲಾರಿ ಆರಿ ವಾಟನೆನ್‌ನ ಪ್ಯೂಜೊ ಕಾರನ್ನು ಗಂಟೆಗೆ 200 ಕಿಲೋಮೀಟರಿನಷ್ಟು ವೇಗದಲ್ಲಿ ಹಿಂದೆ ಹಾಕಿದ ಚಿತ್ರ ಲೋಕಪ್ರಸಿದ್ಧವಾಯಿತು.

ಅದೇ ರ‍್ಯಾಲಿಯಲ್ಲಿ ಅದೇ ತಂಡದ ಎರಡನೆಯ ಲಾರಿ ನೈಜರ್ ದೇಶದ ತೆನೆರೆ ಮರುಭೂಮಿಯಲ್ಲಿ ಭಾರೀ ವೇಗದಲ್ಲಿ ಉರುಳಿತು. ನ್ಯಾವಿಗೇಟರ್ ಕೇಸ್ ವಾನ್ ಲೂವೆಜೈನ್ ಆಸನದ ಸಮೇತ ಹೊರಕ್ಕೆ ಎಸೆಯಲ್ಪಟ್ಟು ಪ್ರಾಣಬಿಟ್ಟ. ಡೆ ರೋಯ್ ಓಟ ನಿಲ್ಲಿಸಿ ಹಿಂದಿರುಗಿದ. ಮರುವರ್ಷ, 1989ರಲ್ಲಿ, ಲಾರಿಗಳ ಸ್ಪರ್ಧಾ ವಿಭಾಗವೇ ಇರಲಿಲ್ಲ. 1990ರಲ್ಲಿ ಅದು ಮರಳಿದಾಗ ಅವಳಿ ಎಂಜಿನ್‌ಗಳ ಕಾಲ ಮುಗಿದಿತ್ತು.

ಈಗ ಲಾರಿಗಳು ಗಂಟೆಗೆ 140 ಕಿಲೋಮೀಟರ್ ಮೀರುವಂತಿಲ್ಲ. ಈ ಮಿತಿಯ ಹಿಂದಿನ ಲೆಕ್ಕವನ್ನು ಹೈಸ್ಕೂಲು ವಿದ್ಯಾರ್ಥಿಯೂ ಮಾಡಬಹುದು. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 200 ಕಿಲೋಮೀಟರ್ ವೇಗದ ಲಾರಿಗೆ ಇರುವ ಶಕ್ತಿಯ ಅರ್ಧದಷ್ಟು ಮಾತ್ರ 140 ಕಿಲೋಮೀಟರ್ ವೇಗದ ಲಾರಿಗೆ ಇರುತ್ತದೆ. ವೇಗ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಇಳಿದರೂ ಪೆಟ್ಟಿನ ಬಲ ಅರ್ಧಕ್ಕೆ ಇಳಿಯುತ್ತದೆ. ನಮ್ಮ ಹೆದ್ದಾರಿಗೂ ಈ ಲೆಕ್ಕ ಹೊಂದುತ್ತದೆ.

1988ರಲ್ಲಿ ಗೆದ್ದವನು ಚೆಕೊಸ್ಲೊವಾಕಿಯಾದ ಕಾರೆಲ್ ಲೊಪ್ರೈಸ್. ಅವನ ಟಾಟ್ರಾ ಲಾರಿಯ ಬಲ ಅದರ ಕಟ್ಟಡದಲ್ಲಿತ್ತು. ಬೆನ್ನುಮೂಳೆಯಂತಹ ಒಂದು ದಪ್ಪ ಕೊಳವೆ, ಅದರ ಎರಡು ಕಡೆಗೆ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುವ ಅರ್ಧ ಅಚ್ಚುಗಳು. ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದು ವಾಲುವುದಿಲ್ಲ. ಲೊಪ್ರೈಸ್ ಒಟ್ಟು ಆರು ಬಾರಿ ಗೆದ್ದ. ಮುಂದೆ ರಷ್ಯದ ಕಾಮಾಜ್ ತಂಡ 1996ರಿಂದ 2022ರವರೆಗೆ 19 ಬಾರಿ ಗೆದ್ದಿತು. ಅದರ ಚಾಲಕ ವ್ಲಾದಿಮಿರ್ ಚಾಗಿನ್ ಒಬ್ಬನೇ ಏಳು ಸಲ ವಿಜಯಿಯಾದ.

ಟಾಟ್ರಾ ನಮಗೆ ಹೊಸತಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಬಿಇಎಂಎಲ್ 1986ರ ಒಪ್ಪಂದದ ನಂತರ ನಮ್ಮ ಸೇನೆಗೆ ಟಾಟ್ರಾ ಲಾರಿಗಳನ್ನು ಒದಗಿಸಿತು. ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಪಿನಾಕ ರಾಕೆಟ್ ಉಡಾವಣೆಯ ವಾಹನ ನೋಡಿದವರು ಟಾಟ್ರಾವನ್ನು ನೋಡಿದಂತೆಯೇ. ಡಕಾರ್‌ನಲ್ಲಿ ಗೆದ್ದ ಅದೇ ಬೆನ್ನುಮೂಳೆಯ ತತ್ವ ಅದರಲ್ಲೂ ಇದೆ.

ಗೆಲುವಿಗಿಂತ ಮೇಲಿನದು

ವಿಧಿಯ ಆಟ ನೋಡಿ. 2023ರಲ್ಲಿ ಕಾರೆಲ್‌ನ ಸೋದರನ ಮಗ ಆಲೆಶ್ ಲೊಪ್ರೈಸ್ ಲಾರಿ ವಿಭಾಗದಲ್ಲಿ ಎಲ್ಲರಿಗಿಂತ ಮುಂದಿದ್ದ. ಒಂದು ದಿಬ್ಬದ ಹಿಂದೆ ನಿಂತಿದ್ದ ಪ್ರೇಕ್ಷಕನೊಬ್ಬನಿಗೆ ಅವನ ಲಾರಿ ತಾಗಿ ಆತ ತೀರಿಕೊಂಡ. ಆ ಹೊತ್ತಿನಲ್ಲಿ ಲಾರಿಯೊಳಗಿದ್ದವರಿಗೆ ಅದು ಗೊತ್ತೇ ಆಗಿರಲಿಲ್ಲ. ವಿಷಯ ತಿಳಿದ ಮೇಲೆ ಆಲೆಶ್ ಓಟ ಬಿಟ್ಟು ಮನೆಗೆ ಹೋದ. ಗೆದ್ದದ್ದು ಡೆ ರೋಯ್ ಹೆಸರಿನ ತಂಡದ ಯಾನುಸ್ ವಾನ್ ಕಾಸ್ಟೆರೆನ್. 1988ರಲ್ಲಿ ಡೆ ರೋಯ್ ಹಿಂದೆ ಸರಿದಾಗ ಲೊಪ್ರೈಸ್ ಗೆದ್ದಿದ್ದ; 35 ವರ್ಷಗಳ ನಂತರ ಲೊಪ್ರೈಸ್ ಹಿಂದೆ ಸರಿದಾಗ ಡೆ ರೋಯ್ ತಂಡ ಗೆದ್ದಿತು. ಎರಡು ಸಲವೂ ಒಂದು ಜೀವದ ಮುಂದೆ ಬಹುಮಾನ ಸಣ್ಣದೆಂದು ತಿಳಿದವರಿದ್ದರು.

ಇದನ್ನು ಮುಚ್ಚಿಟ್ಟು ಸಾಹಸವನ್ನಷ್ಟೇ ಹೊಗಳಿದರೆ ತಪ್ಪಾಗುತ್ತದೆ. ರ‍್ಯಾಲಿ ಆರಂಭವಾದಂದಿನಿಂದ 70ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಅವರಲ್ಲಿ ಓಟಕ್ಕೆ ಸಂಬಂಧವೇ ಇಲ್ಲದ, ದಾರಿಬದಿಯ ಹಳ್ಳಿಗಳ ಮಕ್ಕಳೂ ಇದ್ದಾರೆ.

ನಮ್ಮ ಹುಡುಗರು

ಲಾರಿಯಲ್ಲಲ್ಲದಿದ್ದರೂ ಬೈಕಿನಲ್ಲಿ ಕನ್ನಡನಾಡಿನವರು ಡಕಾರ್ ಮುಟ್ಟಿದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ 36ನೆಯವರಾಗಿ ಓಟ ಮುಗಿಸಿ, ಈ ರ‍್ಯಾಲಿ ಪೂರೈಸಿದ ಮೊದಲ ಭಾರತೀಯರಾದರು. 2021ರಲ್ಲಿ ಬಿದ್ದು ತಲೆಗೆ ತೀವ್ರ ಪೆಟ್ಟಾಗಿ, ಚಿಕಿತ್ಸೆ ಪಡೆದು ಚೇತರಿಸಿಕೊಂಡರು. ಉಡುಪಿಯ ಕೆ.ಪಿ. ಅರವಿಂದ್ ಎರಡು ವರ್ಷ ನಡುವೆಯೇ ಓಟ ಬಿಡಬೇಕಾಗಿ ಬಂದರೂ 2019ರಲ್ಲಿ 37ನೆಯವರಾಗಿ ಗುರಿ ಮುಟ್ಟಿದರು.

ವಾಹನಗಳ ಹುಚ್ಚಿರುವ ಮಗ ಅಥವಾ ಮಗಳು ಮನೆಯಲ್ಲಿದ್ದರೆ ತಂದೆತಾಯಿಗಳು ಗಾಬರಿಯಾಗಬೇಕಿಲ್ಲ. ಆದರೆ ಆ ಹುಚ್ಚಿಗೆ ಸರಿಯಾದ ದಾರಿ ತೋರಿಸಬೇಕು. ಸಾರ್ವಜನಿಕ ರಸ್ತೆ ಪಂದ್ಯದ ಅಂಗಳವಲ್ಲ. ಸಾರಿಗೆ ವಾಹನ ಓಡಿಸಲು ನಮ್ಮ ಕಾನೂನಿನ ಪ್ರಕಾರ 20 ವರ್ಷ ತುಂಬಿರಬೇಕು. ಐಟಿಐ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿಯುತ್ತಲೇ ಕೈ ಪಳಗಿಸಿಕೊಳ್ಳಬಹುದು. 2007ರಲ್ಲಿ ಆರಂಭವಾದ ಬಾಹಾ ಸ್ಪರ್ಧೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ರೂಪಿಸಿ ಕಟ್ಟಿದ ವಾಹನವನ್ನು ಕಲ್ಲು ಮಣ್ಣಿನ ದಾರಿಯಲ್ಲಿ ಓಡಿಸಿ ಪರೀಕ್ಷೆಗೆ ಒಡ್ಡುತ್ತಾರೆ.

ಸ್ಟೇರಿಂಗ್ ಹಿಡಿಯುವವನು ಒಬ್ಬನೇ ಇರಬಹುದು. ಆದರೆ ಅವನನ್ನು ಗುರಿ ಮುಟ್ಟಿಸಲು ದಿಕ್ಕು ಬಲ್ಲವರು, ಲೋಹ ಬಲ್ಲವರು, ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳಬಲ್ಲವರು ಬೇಕು. ಮೂರನೆಯ ಆಸನಕ್ಕೆ ಹೋಗುವ ದಾರಿ ವರ್ಕ್‌ಶಾಪಿನ ಬಾಗಿಲಿನಿಂದಲೇ ಆರಂಭವಾಗುತ್ತದೆ.