ಶ್ರುತಿ ತಪ್ಪಲು ಕಲಿತ ಯಂತ್ರ

ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮಲ್ಲಿಗೆ ಬಂದಿದ್ದ ಅಕ್ಕನ ಮಗನು ತನ್ನ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು, "ಇದು ವಾದ್ಯ, ಮಾವ" ಎಂದಾಗ ನಾನು ನಕ್ಕುಬಿಟ್ಟೆ. ಪರದೆಯ ಮೇಲೆ ಕಂಡದ್ದು ಹಿಂದಿನ ಕಾಲದ ಟೆಲಿಫೋನ್ ಕಚೇರಿಯ ಹಲಗೆಯಂತಹ ಚಿತ್ರ: ಸಾಲುಸಾಲಾಗಿ ಗುಂಡಿಗಳು, ರಂಧ್ರಗಳು, ಒಂದರಿಂದ ಇನ್ನೊಂದಕ್ಕೆ ಜೋತುಬಿದ್ದ ಬಣ್ಣಬಣ್ಣದ ತಂತಿಗಳು. ಕೈಗೆ ಸಿಗುವಂಥದು ಒಂದೂ ಇಲ್ಲ. ಆಂಡ್ರೂ ಬೆಲ್ಟ್ ಎಂಬವರು 2017ರಲ್ಲಿ ಹೊರತಂದ 'ವಿಸಿವಿ ರ್ಯಾಕ್' ಎಂಬ ತಂತ್ರಾಂಶವಂತೆ ಅದು. ಅದರ ಸಾಮಾನ್ಯ ಆವೃತ್ತಿಗೆ ಕಾಸು ಕೊಡಬೇಕಾಗಿಲ್ಲ.

ಈ ಚಿತ್ರಕ್ಕೊಂದು ಪೂರ್ವಜನ್ಮವುಂಟು. 1964ರಲ್ಲಿ ಅಮೆರಿಕದ ರಾಬರ್ಟ್ ಮೂಗ್ ಟ್ರಾನ್ಸಿಸ್ಟರುಗಳಿಂದ ಇಂತಹ ಬಿಡಿ ಘಟಕಗಳನ್ನು ನಿರ್ಮಿಸಿ, ತಂತಿಗಳಿಂದ ಅವನ್ನು ಬೇಕಾದಂತೆ ಜೋಡಿಸುವ ಬಗೆಯನ್ನು ತೋರಿಸಿಕೊಟ್ಟನು. ಅಂತಹ ಒಂದು ಮೂಗ್ ಯಂತ್ರ 1969ರಲ್ಲೇ ನಮ್ಮ ದೇಶಕ್ಕೂ ಬಂದಿತ್ತೆಂಬುದು ಹಲವರಿಗೆ ತಿಳಿಯದು. ಗೀತಾ ಸಾರಾಭಾಯಿಯವರ ಆಸಕ್ತಿಯ ಫಲವಾಗಿ, ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅದನ್ನು ಸ್ಥಾಪಿಸಿದರು.

ಈ ಘಟಕಗಳ ನಡುವೆ ಕಂಠವೆನಿಸಿದುದು 'ಆಸಿಲೇಟರ್', ಅಂದರೆ ಆಂದೋಲಕ. ನಾದ ಹುಟ್ಟುವುದು ಅಲ್ಲಿ. ಮಿಕ್ಕವು ಅದನ್ನು ಸೋಸುತ್ತವೆ, ಏರಿಳಿಸುತ್ತವೆ. ಅದಕ್ಕೆ ಅಪ್ಪಣೆ ಕೊಡುವುದು ವೋಲ್ಟಿನ ಭಾಷೆಯಲ್ಲಿ. ರ್ಯಾಕಿನ ಆಂದೋಲಕಕ್ಕೆ ಸೊನ್ನೆ ವೋಲ್ಟ್ ಎಂದರೆ ಸೆಕೆಂಡಿಗೆ 261.63 ಕಂಪನಗಳು, ಒಂದು ವೋಲ್ಟ್ ಏರಿದರೆ ಕಂಪನ ಇಮ್ಮಡಿಯಾಗಿ ಸ್ವರವು ಮೇಲಿನ ಸ್ಥಾಯಿಗೆ ಜಿಗಿಯುತ್ತದೆ. ಕಂಪ್ಯೂಟರಿನೊಳಗೆ ಇದಕ್ಕೆ ನಿಜವಾದ ವಿದ್ಯುತ್ತೇನೂ ಬೇಕಿಲ್ಲ, ಬರಿಯ ಅಂಕಿಗಳು. ಆದರೂ ಹಿರಿಯರ ಸಂಪ್ರದಾಯವನ್ನು ಬಿಟ್ಟಿಲ್ಲ.

ನಾದ ಹೊರಬರಲು ನಾಲ್ಕು ಬಾಗಿಲುಗಳು. ಮೊದಲನೆಯ 'ಸೈನ್' ಅಲೆ ಏಕಾಕಿ; ಅದರಲ್ಲಿ ಮೂಲಸ್ವರದ ಹೊರತು ಬೇರೇನೂ ಇಲ್ಲ. ಗರಗಸದ ಹಲ್ಲಿನಂತಹ ಅಲೆಯಲ್ಲಾದರೋ ಮೂಲಸ್ವರದ ಇಮ್ಮಡಿ, ಮುಮ್ಮಡಿ, ನಾಲ್ವಡಿ ಎಂದು ಉಪಸ್ವರಗಳ ಒಂದು ದೊಡ್ಡ ಸಂಸಾರವೇ ಇರುತ್ತದೆ. ಚೌಕದ ಅಲೆಯಲ್ಲಿ ಬೆಸ ಸಂಖ್ಯೆಯವಷ್ಟೇ. ತ್ರಿಕೋಣದಲ್ಲಿಯೂ ಬೆಸವೇ, ಆದರೆ ಬಹಳ ಕ್ಷೀಣ. ಚೌಕದ ಅಗಲವನ್ನು ಕಿರಿದುಗೊಳಿಸಲು ಬೇರೊಂದು ಗುಂಡಿಯಿದೆ. ಅದನ್ನು ತಿರುಗಿಸಿದಂತೆ ತುಂಬುದನಿ ತೆಳುವಾಗಿ ಮೂಗಿನಿಂದ ಹಾಡಿದಂತಾಗುತ್ತದೆ.

ಉಪಸ್ವರಗಳ ಈ ಸಂಸಾರವೇ ಕಂಪ್ಯೂಟರಿಗೆ ಸಂಕಟ ತರುವುದು. ಅದು ನಾದವನ್ನು ಸೆಕೆಂಡಿಗೆ 48,000 ಸಲ ಅಳೆಯುತ್ತದೆಂದು ಇಟ್ಟುಕೊಳ್ಳಿ. ಅದರ ಅರ್ಧ, ಎಂದರೆ 24,000 ಕಂಪನಗಳೇ ಅದರ ಮೇಲಿನ ಎಲ್ಲೆ. ಎಲ್ಲೆ ಮೀರಿದ ಸ್ವರ ಸುಮ್ಮನೆ ಅಳಿದುಹೋಗುವುದಿಲ್ಲ; ಕನ್ನಡಿಗೆ ಬಡಿದಂತೆ ಹಿಂದಕ್ಕೆ ಮಡಿಸಿಕೊಳ್ಳುತ್ತದೆ. ಚಲಚ್ಚಿತ್ರದಲ್ಲಿ ಮುಂದಕ್ಕೋಡುವ ಬಂಡಿಯ ಚಕ್ರ ಹಿಂದಕ್ಕೆ ಸುತ್ತಿದಂತೆ ಕಾಣುವುದಲ್ಲವೆ? ಇದೂ ಅಂತಹುದೇ. ಪಿಯಾನೋದ ಕಟ್ಟಕಡೆಯ ಮಣೆಯ ಸ್ವರಕ್ಕೆ 4,186 ಕಂಪನಗಳು. ಅದರ ಹನ್ನೊಂದು ಪಟ್ಟು 46,046. ಈ ಉಪಸ್ವರ ಮಡಿಸಿಕೊಂಡು ಬಂದು 1,954ರಲ್ಲಿ ನಿಲ್ಲುತ್ತದೆ; ಅಂದರೆ ಮೂಲಸ್ವರಕ್ಕಿಂತಲೂ ಕೆಳಗೆ, ಯಾರೂ ಕರೆಯದ ಅತಿಥಿಯಂತೆ! ಅದಕ್ಕಾಗಿಯೇ ಒಳ್ಳೆಯ ಆಂದೋಲಕಗಳಲ್ಲಿ ಗರಗಸದ ಹಲ್ಲಿನ ಮೊನೆಯನ್ನು ಲೆಕ್ಕಾಚಾರದಿಂದಲೇ ನಯಗೊಳಿಸಿರುತ್ತಾರೆ. ಕಣ್ಣಿಗೆ ಮೊನೆ ಚೂಪಾಗಿ ಕಂಡಷ್ಟೂ ಕಿವಿಗೆ ಹೊಲಸು.

ಇಷ್ಟು ಶುದ್ಧಿಗೊಳಿಸಿದ ಮೇಲೆ ಇನ್ನೊಂದು ತೊಡಕು. ಮೂಗನ ಕಾಲದ ಆಂದೋಲಕಗಳು ಸೆಖೆಗೂ ಚಳಿಗೂ ಹೆದರುತ್ತಿದ್ದವು. ಟ್ರಾನ್ಸಿಸ್ಟರು ಬಿಸಿಯಾದರೆ ಶ್ರುತಿ ಜಾರುತ್ತಿತ್ತು. ವೇದಿಕೆಯ ದೀಪಗಳಡಿಯಲ್ಲಿ ಅವನ್ನು ಮತ್ತೆ ಮತ್ತೆ ಹೊಂದಿಸಬೇಕಾಗುತ್ತಿತ್ತು. ತಂತ್ರಾಂಶಕ್ಕೆ ಸೆಖೆಯಿಲ್ಲ, ಮುಪ್ಪಿಲ್ಲ. ಆದರೆ ಒಂದೇ ಶ್ರುತಿಯ ಎರಡು ಆಂದೋಲಕಗಳನ್ನು ಕೂಡಿಸಿದರೆ ಎರಡು ದನಿ ಕೇಳುವುದಿಲ್ಲ. ಒಂದೇ ದನಿ, ಜೋರಾಗಿ. ಹಳೆಯ ಯಂತ್ರಗಳ ತುಂಬುನಾದಕ್ಕೆ ಅವುಗಳ ದೋಷವೂ ಒಂದು ಕಾರಣವಾಗಿತ್ತು! ರ್ಯಾಕಿನ ಮೊದಲ ಆವೃತ್ತಿಗಳ ಆಂದೋಲಕದಲ್ಲಿ 'ಅನಲಾಗ್' ಎಂಬ ಸ್ವಿಚ್ಚೊಂದಿತ್ತು. ಅದನ್ನು ಒತ್ತಿದರೆ ಯಂತ್ರವು ಬೇಕೆಂದೇ ಅಷ್ಟಿಷ್ಟು ಅಪೂರ್ಣವಾಗುತ್ತಿತ್ತು. ತಪ್ಪಲಾರದ ಯಂತ್ರಕ್ಕೆ ತಪ್ಪುವ ಪಾಠವನ್ನು ಶ್ರಮವಹಿಸಿ ಹೇಳಿಕೊಟ್ಟಿದ್ದಾರೆ!

ಹುಡುಗನು ಒಂದು ಗರಗಸದ ಅಲೆಯನ್ನು 440ಕ್ಕೂ ಇನ್ನೊಂದನ್ನು 441ಕ್ಕೂ ನಿಲ್ಲಿಸಿದನು. ಮೂಲಸ್ವರಗಳು ಸೆಕೆಂಡಿಗೆ ಒಮ್ಮೆ, ಇಮ್ಮಡಿಯವು ಎರಡು ಸಲ, ಮುಮ್ಮಡಿಯವು ಮೂರು ಸಲ, ಹೀಗೆ ಒಂದಕ್ಕೊಂದು ಸೇರಿ ಅಗಲುತ್ತ, ನಾದ ನೀರಿನ ಮೇಲಣ ಬೆಳಕಿನಂತೆ ಮಿನುಗತೊಡಗಿತು.

ನಲವತ್ತು ವರ್ಷ ತಂಬೂರಿ ಮೀಟಿದ ನಮ್ಮ ತಾಯಿ ಒಳಗಿನಿಂದ, "ಸಾರಣಿ ಎರಡೂ ಸೇರಿಲ್ಲ ಕಣೋ. ಒಂದನ್ನು ಚೂರು ಇಳಿಸು" ಎಂದರು.

ಅವನು ಗುಂಡಿಯನ್ನು ತಿರುಗಿಸಿ ಇಳಿಸಿದನು. ಮಿನುಗು ನಿಂತಿತು. ಒಂದೇ ಸ್ವರ, ಗೆರೆ ಎಳೆದಂತೆ.

"ಈಗ ಸೇರಿತೆ, ಅಜ್ಜಿ?"

ತಾಯಿ ಸ್ವಲ್ಪ ಹೊತ್ತು ಆಲಿಸಿ, "ಸೇರಿತು. ನಿನ್ನ ಯಂತ್ರಕ್ಕೆ ಮೊದಲಿನದೇ ವಾಸಿ" ಎಂದು ಅಕ್ಕಿ ಆರಿಸತೊಡಗಿದರು.