ಆರೋಗ್ಯ ಮಾಹಿತಿ ನಿರ್ವಹಣೆ ಪದವಿ: ಗ್ರಾಮ ಪಂಚಾಯತಿ ಸದಸ್ಯರ ಗಮನಕ್ಕೆ



ಪಿಯುಸಿ ಫಲಿತಾಂಶ ಬಂದೊಡನೆ ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳ ಪಾಲಕರು ತಮ್ಮ ಸಲಹೆ ಕೇಳುವುದು ರೂಢಿ. ವೈದ್ಯಕೀಯ ಅಥವಾ ನರ್ಸಿಂಗ್ ಸೀಟು ದೊರೆಯದಿದ್ದರೆ ಆರೋಗ್ಯ ಕ್ಷೇತ್ರದ ಬಾಗಿಲು ಮುಚ್ಚಿತೆಂದು ಹಲವರು ಭಾವಿಸುತ್ತಾರೆ. ಅದು ಸರಿಯಲ್ಲ.

ರೋಗಿಯ ದಾಖಲೆಗಳನ್ನು ಕ್ರಮಬದ್ಧವಾಗಿ ಇಡುವುದು, ಕಾಯಿಲೆಗೆ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ ಸಂಕೇತ ನೀಡುವುದು, ಗೋಪ್ಯತೆ ಕಾಯುವುದು, ಅಂಕಿ-ಅಂಶ ಸಿದ್ಧಪಡಿಸುವುದು ಈ ಪದವಿಯ ವಿಷಯಗಳು. ಮಣಿಪಾಲದ ಮಾಹೆಯಲ್ಲಿ ಇದರ ಬಿ.ಎಸ್ಸಿ. ವ್ಯಾಸಂಗವಿದೆ. ಸಹಾಯಕ ಹಾಗೂ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ 2021ರ ಅಧಿನಿಯಮದ ಅನುಸೂಚಿಯಲ್ಲಿ ಈ ವೃತ್ತಿಯೂ ಸೇರಿದೆ.

ಆಸ್ಪತ್ರೆಯ ಕಾಗದದಲ್ಲಿ ‘ಬಸವ್ವ’, ಆಧಾರ್‌ನಲ್ಲಿ ‘ಬಸಮ್ಮ’ ಎಂದಿದ್ದ ಕಾರಣಕ್ಕೆ ಒಂದು ಕುಟುಂಬ ವಿಮಾ ಹಣಕ್ಕಾಗಿ ತಿಂಗಳುಗಟ್ಟಲೆ ಅಲೆದುದನ್ನು ಕಂಡಿದ್ದೇನೆ. ಎಂಜಿನಿಯರಿಂಗ್ ಓದಿದ ನಾನು ಬಲ್ಲೆ: ಕಂಪ್ಯೂಟರ್ ಎಷ್ಟೇ ಚುರುಕಾಗಿದ್ದರೂ ನಮೂದು ತಪ್ಪಿದರೆ ಫಲಿತವೂ ತಪ್ಪುತ್ತದೆ. 14 ಅಂಕಿಗಳ ಅಭಾ ಸಂಖ್ಯೆಯಡಿ ಆರೋಗ್ಯ ದಾಖಲೆಗಳು ಜೋಡಣೆಯಾಗುತ್ತಿರುವ ಈ ಕಾಲದಲ್ಲಿ ಇಂತಹ ತಜ್ಞರ ಅಗತ್ಯ ಸ್ಪಷ್ಟ.

ಆದ್ದರಿಂದ ಸದಸ್ಯರು:

1. ಶುಲ್ಕ ಕಟ್ಟುವ ಮುನ್ನ ವಿಶ್ವವಿದ್ಯಾಲಯದ ಮಾನ್ಯತೆ, ಪ್ರವೇಶದ ಅರ್ಹತೆ, ಒಟ್ಟು ವೆಚ್ಚ ಹಾಗೂ ಆಸ್ಪತ್ರೆ ತರಬೇತಿಯ ವಿವರವನ್ನು ಲಿಖಿತವಾಗಿ ಪಡೆಯುವಂತೆ ಪಾಲಕರಿಗೆ ತಿಳಿಸುವುದು. ಆರು ತಿಂಗಳ ಪ್ರಮಾಣಪತ್ರ ಪದವಿಗೆ ಸಮಾನವಲ್ಲ.
2. ಅರ್ಹ ವಿದ್ಯಾರ್ಥಿಗಳು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಸಕಾಲದಲ್ಲಿ ಅರ್ಜಿ ಸಲ್ಲಿಸುವಂತೆ ನೋಡಿಕೊಳ್ಳುವುದು.
3. ಈ ಮಾಹಿತಿಯನ್ನು ಅರಿವು ಕೇಂದ್ರದ ಫಲಕದಲ್ಲಿ ಪ್ರಕಟಿಸುವುದು.

ಸಕಾಲದಲ್ಲಿ ದೊರೆತ ಸರಿಯಾದ ಸಲಹೆಯು ಒಂದು ಮಗುವಿನ ವರ್ಷವನ್ನೂ ಒಂದು ಮನೆಯ ಸಾಲವನ್ನೂ ಉಳಿಸಬಲ್ಲದು.

– ಪಂಚಾಯತಿ ಅಭಿವೃದ್ಧಿ ಅಧಿಕಾರಿ